ತಾಗಿದ ಹಾಗೆ ಕಂಡದ್ದೆಲ್ಲ ತಾಗಿರಲಿಲ್ಲ

ಗಾಜಿನ ಸಣ್ಣ ಗುಂಡುಗಳನ್ನು ಸಿಲಿಂಡರಿಗೆ ಸುರಿಯುವುದು, ಸಿಟಿ ಸ್ಕ್ಯಾನ್ ಮಾಡುವುದು, ಒಂದೊಂದು ಗುಂಡು ಅಕ್ಕಪಕ್ಕದ ಎಷ್ಟು ಗುಂಡುಗಳನ್ನು ಮುಟ್ಟಿಕೊಂಡಿದೆ ಎಂದು ಎಣಿಸುವುದು. ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ. ಕೇಳೋಕೆ ಮಕ್ಕಳಾಟ ಅಲ್ವಾ?

ನನ್ನ ಮೊದಲ ಎಣಿಕೆಯಲ್ಲಿ ಸರಾಸರಿ 8 ಬಂತು. ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ಗ್ರಾಫ್ ಕಡೆ ನೋಡಲೇ ಇಲ್ಲ. "ಎಷ್ಟು ಹತ್ತಿರ ಇದ್ರೆ ತಾಗಿದೆ ಅಂತ ಲೆಕ್ಕ ಹಿಡಿದಿದ್ದೀರಿ?" ಎಂದರು. ನಾನು ಯೋಚಿಸಿಯೇ ಇರಲಿಲ್ಲ. ಸಾಫ್ಟ್‌ವೇರಿನಲ್ಲಿ ಮೊದಲೇ ಇದ್ದ ಸಂಖ್ಯೆಯನ್ನು ಹಾಗೇ ಬಿಟ್ಟಿದ್ದೆ.

8 ನೋಡಿದ ಕೂಡಲೇ ನನಗೆ ಅನುಮಾನ ಬರಬೇಕಿತ್ತು. ಒಂದೇ ಅಳತೆಯ ಗಟ್ಟಿ ಗುಂಡುಗಳು ಅಡ್ಡಾದಿಡ್ಡಿಯಾಗಿ ಕೂತಾಗ, ಘರ್ಷಣೆಯೇ ಇಲ್ಲದಿದ್ದರೆ ರಾಶಿ ಅಲುಗದೆ ನಿಲ್ಲಲು ಸರಾಸರಿ 6 ತಾಗು ಬೇಕು. ಘರ್ಷಣೆ ಇದ್ದರೆ 4 ಆದರೂ ಸಾಕು. ನಿಜವಾದ ಗುಂಡುಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಸಾಲಾಗಿ ಜೋಡಿಸಿದರೆ ಮಾತ್ರ 12ರವರೆಗೆ ಹೋಗಬಹುದು. ನಾನೇನೂ ಜೋಡಿಸಿರಲಿಲ್ಲ, ಸುಮ್ನೆ ಸುರಿದಿದ್ದೆ.

ತಪ್ಪು ಎಲ್ಲಿತ್ತೆಂದರೆ, ಇಂಥ ರಾಶಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು ನಿಂತ ಜೋಡಿಗಳೂ ಬಹಳ ಇರುತ್ತವೆ. ಸ್ಕ್ಯಾನಿನ ಚಿತ್ರದಲ್ಲಿ ಆ ಸಂದು ಮಸುಕಾಗಿ ಮುಚ್ಚಿಹೋಗುತ್ತದೆ. ಎಷ್ಟು ಹತ್ತಿರ ಇದ್ದರೆ ತಾಗಿದಂತೆ ಎನ್ನುವ ಮಿತಿಯನ್ನು ಚೂರು ಸಡಿಲ ಮಾಡಿದರೆ ಎಣಿಕೆ ಏರುತ್ತದೆ, ಇನ್ನೂ ಸಡಿಲಿಸಿದರೆ ಇನ್ನೂ ಏರುತ್ತದೆ. ಇದೇ ಸರಿ ಎಂದು ನಿಲ್ಲುವ ಜಾಗವೇ ಸಿಗುವುದಿಲ್ಲ. ಗುಂಡುಗಳು ಎಷ್ಟು ಜಾಗ ತುಂಬಿವೆ ಎನ್ನುವ ಲೆಕ್ಕಕ್ಕೆ ಈ ಕಾಟವಿಲ್ಲ. ಚೆನ್ನಾಗಿ ತಟ್ಟಿ ಕೂರಿಸಿದರೆ ಅದು ಶೇ. 64ರ ಹತ್ತಿರ ಬರುತ್ತದೆ.

ಸ್ಕ್ಯಾನರ್ ಇಲ್ಲದ ಕಾಲದಲ್ಲೇ ತಾಗುಗಳನ್ನು ಎಣಿಸಿದವರಿದ್ದಾರೆ. 1960ರಲ್ಲಿ ಬರ್ನಲ್ ಮತ್ತು ಮೇಸನ್ ಎಂಬ ವಿಜ್ಞಾನಿಗಳು ಉಕ್ಕಿನ ಗುಂಡುಗಳ ಮೇಲೆ ಕಪ್ಪು ಬಣ್ಣ ಸುರಿದು, ಬಸಿದು, ಒಣಗಿಸಿ, ಒಂದೊಂದಾಗಿ ಬಿಡಿಸಿ ನೋಡಿದರು. ನಿಜವಾಗಿ ತಾಗಿದ್ದ ಕಡೆ ಬಣ್ಣದ ಉಂಗುರ, ಬರೀ ಹತ್ತಿರ ಇದ್ದ ಕಡೆ ತುಂಬಿದ ಚುಕ್ಕೆ. ಎಂಥ ತಾಳ್ಮೆ!

ನಾನು ಮತ್ತೆ ಶುರು ಮಾಡಿದೆ. ಗೋಡೆ ಪಕ್ಕದ ಗುಂಡುಗಳನ್ನು ಲೆಕ್ಕದಿಂದ ತೆಗೆದೆ, ಗೋಡೆಗೆ ಒತ್ತಿ ಅವು ಸಾಲು ಹಿಡಿಯುತ್ತವೆ. ಒಂದೇ ಮಿತಿಗೆ ಅಂಟಿಕೊಳ್ಳದೆ, ಸಂದು ಹೆಚ್ಚಿದಂತೆ ಎಣಿಕೆ ಹೇಗೆ ಏರುತ್ತದೆ ಎಂದು ಪೂರ್ತಿ ಗೆರೆ ಎಳೆದೆ. ಗುಂಡಿನ ಕೇಂದ್ರ ಗುರುತಿಸುವಾಗ ಆಗುವ ತಪ್ಪನ್ನೂ ಅದರಲ್ಲಿ ಕಳೆದೆ. ಎರಡು ವಾರ ಹಿಡಿಯಿತು. ಸರಾಸರಿ 6ಕ್ಕಿಂತ ತುಸು ಕೆಳಗೆ ಬಂತು. ಈ ಸಲ ಮೇಡಂ ಗ್ರಾಫ್ ನೋಡಿದರು.