ಮಾಗಡಿಯ ಬಾತುಗಳೂ ಕಡಲೆ ಹೊಲದ ಕುಡಿಗಳೂ

ಬೆಳಗಿನ ಏಳು ಗಂಟೆಗೆ ನಾವು ಮಾಗಡಿ ಕೆರೆಯ ಏರಿಯ ಮೇಲೆ ನಿಂತಾಗ, ಯಾವ ಹಕ್ಕಿಗಳನ್ನು ನೋಡಲೆಂದು ಹುಬ್ಬಳ್ಳಿಯಿಂದ ಕತ್ತಲಲ್ಲೇ ಹೊರಟು ಬಂದಿದ್ದೆವೋ ಆ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ಹೆಚ್ಚು ಇರಲಿಲ್ಲ. ದಡದ ಕೆಸರಿನಲ್ಲಿ ಬಣ್ಣದ ಕೊಕ್ಕರೆಗಳು ನಿಂತಿದ್ದವು. ನೀರಿನಿಂದ ಎದ್ದ ಕೊರಡಿನ ಮೇಲೆ ಒಂದು ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ನಮ್ಮ ಮುಖದ ನಿರಾಸೆಯನ್ನು ಕಂಡ ಊರಿನ ಹಿರಿಯರೊಬ್ಬರು, ಬಾತುಗಳು ಹೊಲಕ್ಕೆ ಹೋಗಿವೆ, ಹೊತ್ತೇರಿದ ಮೇಲೆ ಬರುತ್ತವೆ ಎಂದು ಸಮಾಧಾನ ಹೇಳಿದರು. ಮನೆಯ ದನ ಮೇಯಲು ಹೋಗಿದೆ ಎನ್ನುವಷ್ಟು ಸಹಜವಾಗಿತ್ತು ಅವರ ಮಾತು.

ಧಾರವಾಡ, ಹುಬ್ಬಳ್ಳಿಯ ನಮಗೆ ವನ್ಯಜೀವಿ ಎಂದರೆ ನೆನಪಾಗುವುದು ಪಡುವಣ ದಿಕ್ಕಿನ ದಾಂಡೇಲಿ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಈ ಸಲ ಅದಕ್ಕೆ ಬೆನ್ನು ಮಾಡಿ ಮೂಡಣಕ್ಕೆ ಬಂದಿದ್ದೆವು. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಶಿರಹಟ್ಟಿ ತಾಲ್ಲೂಕಿನ ಬಯಲಿನಲ್ಲಿ, ಮಳೆನೀರು ಹಿಡಿದು ಹೊಲಗಳಿಗೆ ಉಣಿಸಲೆಂದು ಕಟ್ಟಿಸಿದ ಕೆರೆ ಇದು. ವಿಸ್ತೀರ್ಣ 54 ಹೆಕ್ಟೇರಿಗೆ ತುಸು ಹೆಚ್ಚು. 2024ರ ಜನವರಿ 31ರಂದು ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ಜಾಗತಿಕ ಮಹತ್ವದ ಜೌಗು ನೆಲಗಳನ್ನು ಗುರುತಿಸುವ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮುಂಚೆ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ರಾಮ್ಸಾರ್ ದಾಖಲೆಯ ಪ್ರಕಾರ ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿದ್ದು, ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳೇ ಎಂಟು ಸಾವಿರದ ಹತ್ತಿರ.

ಒಂಬತ್ತು ಗಂಟೆಯ ಸುಮಾರಿಗೆ ಮೊದಲು ಕೇಳಿದ್ದು ದನಿ. ಆಮೇಲೆ ಬಡಗಣ ಆಕಾಶದಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು. ಕೆರೆಯ ಮೇಲೆ ಬಂದೊಡನೆ ಗೆರೆ ಒಡೆದು, ಹಕ್ಕಿಗಳು ರೆಕ್ಕೆಯನ್ನು ಅತ್ತಿತ್ತ ವಾಲಿಸುತ್ತ, ಗಾಳಿಯನ್ನು ಸೋರಿಸಿಕೊಂಡಂತೆ ಸರಸರನೆ ಕೆಳಗಿಳಿದವು. ದುರ್ಬೀನಿನಲ್ಲಿ ಒಂದನ್ನೇ ಹಿಡಿದು ನೋಡಿದೆ: ಬೂದು ಮೈ, ಬಿಳಿಯ ತಲೆ, ನೆತ್ತಿಯ ಹಿಂಭಾಗದಲ್ಲಿ ಕಾಡಿಗೆಯಿಂದ ಎಳೆದಂಥ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕೊಕ್ಕು. ಆ ಕೊಕ್ಕಿನ ಅಂಚಿಗೆ ಒಣಗಿದ ಮಣ್ಣು ಮೆತ್ತಿತ್ತು. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳ ಬಳಿ ಮರಿಮಾಡುವ, ಗಾಳಿ ತೆಳುವಾದ ಎತ್ತರದಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಕ್ತ ಪಡೆದು ಹಿಮಾಲಯ ದಾಟಿ ಬರುವ ಈ ಹಕ್ಕಿಯ ಮೂತಿಗೆ ಅಂಟಿದ್ದದ್ದು ಶಿರಹಟ್ಟಿಯ ಹೊಲದ ಮಣ್ಣು.

ನನ್ನನ್ನು ದಿನವಿಡೀ ಕಾಡಿದ್ದು ಆ ಮಣ್ಣೇ. ಬಾತುಗಳಿಗೆ ಈ ಕೆರೆ ಮುಖ್ಯವಾಗಿ ಮಲಗುವ, ವಿಶ್ರಮಿಸುವ ಜಾಗ. ಉಣ್ಣುವುದು ಸುತ್ತಲ ರೈತರ ಹೊಲಗಳಲ್ಲಿ. ಕೆರೆಯನ್ನು ಸಂರಕ್ಷಿತ ಪ್ರದೇಶವೆಂದು ಸಾರಬಹುದು, ಏರಿಯ ಮೇಲೆ ಫಲಕ ನಿಲ್ಲಿಸಬಹುದು, ಕಾವಲುಗಾರರನ್ನು ಇಡಬಹುದು; ಆದರೆ ಹಕ್ಕಿಯ ಊಟದ ಕಾವಲು ಇರುವುದು ಆ ಫಲಕದಾಚೆಗೆ, ಸಾಲ ಮಾಡಿ ಬೀಜ ಬಿತ್ತಿದವನ ಕೈಯಲ್ಲಿ. ಅವನು ಒಂದು ವರ್ಷ ವಿಷ ಬೆರೆಸಿದ ಕಾಳು ಚೆಲ್ಲಿದರೆ ಸಾಕು, ಯಾವ ಪಟ್ಟಿಯೂ ಈ ಹಕ್ಕಿಗಳನ್ನು ಉಳಿಸಲಾರದು.

ಆದ್ದರಿಂದ ಮಧ್ಯಾಹ್ನ ಹೊಲಗಳ ಕಡೆಗೆ ನಡೆದೆವು. ಕಡಲೆ ಹೊಲವೊಂದರಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು ಬಾತು ಮೇಯ್ದ ಸಾಲನ್ನು ತೋರಿಸಿದರು. ಕಡಲೆ ಗಿಡ ಎಳೆಯದಾಗಿದ್ದಾಗ ಕುಡಿ ಚಿವುಟುವುದು ನಮ್ಮ ಕಡೆ ರೂಢಿ; ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಚಿವುಟಿದ ಸೊಪ್ಪು ಪಲ್ಯಕ್ಕಾಗುತ್ತದೆ. ಬಾತುಗಳು ಮಾಡುವುದೂ ಅದನ್ನೇ ಎಂದು ಅಜ್ಜಿ ಮೊದಲು ನಕ್ಕರು. ಆಮೇಲೆ ಬಗ್ಗಿ ಎರಡು ಗಿಡಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದರು. ಒಂದರ ತುದಿಯನ್ನು ಬಾತು ಉಗುರಿನಲ್ಲಿ ಚಿವುಟಿದಂತೆ ಅಚ್ಚುಕಟ್ಟಾಗಿ ಕತ್ತರಿಸಿತ್ತು, ಅದು ಚಿಗುರುತ್ತದೆ. ಇನ್ನೊಂದು ಬುಡದವರೆಗೂ ಹೋಗಿತ್ತು, ಅದು ಚಿಗುರುವುದಿಲ್ಲ. ನಷ್ಟವಿಲ್ಲ ಎಂದು ಅವರು ಹೇಳಲಿಲ್ಲ. ಸಾಲಿನ ನಡುವೆ ಬಿದ್ದ ಹಿಕ್ಕೆಯನ್ನು ಕಾಲಿನಿಂದ ಮಣ್ಣಿಗೆ ಸರಿಸುತ್ತ, ಇದೂ ಗೊಬ್ಬರವಲ್ಲವೇ ಎಂದರು. ಲೆಕ್ಕ ಸರಿಹೋಗುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಆದರೂ ಅವರು ಲೆಕ್ಕ ಹಾಕುತ್ತಿದ್ದ ರೀತಿಯ ಮುಂದೆ ನನ್ನ ಲೆಕ್ಕ ಸಣ್ಣದೆನಿಸಿತು. ಇಂಥವರ ತಾಳ್ಮೆಯನ್ನು ಮುಗ್ಧತೆಯೆಂದು ಕರೆದು ಕೊಂಡಾಡುವುದು ತಪ್ಪು. ಅವರಿಗೆ ನಷ್ಟ ಗೊತ್ತಿದೆ, ಗೊತ್ತಿದ್ದೇ ಬಿಟ್ಟುಕೊಟ್ಟಿದ್ದಾರೆ.

ಬಿಟ್ಟುಕೊಟ್ಟದ್ದು ಇನ್ನೂ ಇದೆ. ಈ ಕೆರೆಯಲ್ಲಿ ಊರಿನವರು ಮೀನು ಹಿಡಿಯುವುದಿಲ್ಲ. ಬಲೆ ಬಿದ್ದರೆ ಹಕ್ಕಿ ಬೆದರುತ್ತದೆ ಎಂಬುದು ಬೆಳಿಗ್ಗೆ ಸಿಕ್ಕ ಹಿರಿಯರು ಕೊಟ್ಟ ಕಾರಣ. ಮೀನುಗಾರಿಕೆ ಊರಿಗೆ ಆದಾಯ ತರುವ ದಾರಿ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ನಗರದಿಂದ ಬಂದು ಚಿತ್ರ ತೆಗೆದುಕೊಂಡು ಹೋಗುವ ನಮ್ಮಂಥವರು ಈ ತ್ಯಾಗದಲ್ಲಿ ಏನನ್ನು ಹಂಚಿಕೊಳ್ಳುತ್ತೇವೆ ಎಂಬ ಪ್ರಶ್ನೆ ನನ್ನನ್ನು ಚುಚ್ಚಿತು. ಬೆಳೆ ಕಳೆದುಕೊಂಡ ಹೊಲಕ್ಕೆ ತಡವಿಲ್ಲದೆ ಪರಿಹಾರ ಸಿಗಬೇಕು, ಅದೂ ಅಲೆದಾಟವಿಲ್ಲದೆ ಸಿಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ದೂರದಲ್ಲಿ ಕಪ್ಪತಗುಡ್ಡದ ಸಾಲು ನೀಲಿಯಾಗಿ ಕಾಣುತ್ತಿತ್ತು. ಗಣಿಗಾರಿಕೆಯ ವಿರುದ್ಧ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೂ ಊರೂರಿನ ಜನರೂ ವರ್ಷಗಟ್ಟಲೆ ದನಿ ಎತ್ತಿದ್ದರಿಂದಲೇ ಆ ಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅದು ಬೀದಿಗಿಳಿದು ನಡೆದ ಹೋರಾಟ. ಮಾಗಡಿಯದು ಪ್ರತಿ ಹಿಂಗಾರಿನಲ್ಲೂ ಸದ್ದಿಲ್ಲದೆ ನಡೆಯುವ ಒಪ್ಪಂದ.

ಸಂಜೆ ಹೊತ್ತಿಳಿದಾಗ ಬಾತುಗಳು ಮತ್ತೆ ಎದ್ದವು. ನಾವು ಕಾರಿನತ್ತ ಬರುವ ದಾರಿಯಲ್ಲಿ ಒಂದು ಹಿಂಡು ಹೂಬಿಟ್ಟ ಕಡಲೆ ಹೊಲಕ್ಕೆ ಇಳಿಯಿತು. ಬದುವಿನ ಮೇಲಿದ್ದ ಹುಡುಗ ಎಣ್ಣೆ ಡಬ್ಬಿಯನ್ನು ಕೋಲಿನಿಂದ ಬಡಿದ. ಅವನ ಕಾಲ ಬಳಿ ಕಲ್ಲುಗಳು ಬೇಕಾದಷ್ಟಿದ್ದವು, ಒಂದನ್ನೂ ಎತ್ತಲಿಲ್ಲ. ಹಿಂಡು ಎದ್ದು, ಪಕ್ಕದಲ್ಲಿ ಶೇಂಗಾ ಕಿತ್ತು ಖಾಲಿ ಬಿಟ್ಟಿದ್ದ ಹೊಲದಲ್ಲಿ ಇಳಿಯಿತು. ಅವು ತಲೆ ತಗ್ಗಿಸಿ ಮೇಯತೊಡಗಿದ್ದನ್ನು ನೋಡಿ ಅವನು ಡಬ್ಬಿಯನ್ನು ಕೆಳಗಿಟ್ಟು ಕುಳಿತುಕೊಂಡ.