ನಾನು ಮೊದ್ಲು ನೋಡೋದು ಹಿಂದಿನ ಡೋರ್

ಸಣ್ಣ ಫ್ಯಾಮಿಲಿ ಕಾರ್ ವಿಷ್ಯ ಬಂದ್ರೆ ಎಲ್ರೂ ಗ್ರಿಲ್ಲು, ಎಲ್‌ಇಡಿ ಲೈಟು, ಅಲಾಯ್ ವೀಲು ಅಂತ ಮುಂದಿನಿಂದಾನೇ ಶುರು ಮಾಡ್ತಾರೆ, ನಾನು ಮಾತ್ರ ಸೀದಾ ಹೋಗಿ ಹಿಂದಿನ ಡೋರ್ ತೆಗ್ದು ನೋಡ್ತೀನಿ. ನಾಲ್ಕು ಮೀಟರ್ ಆಸುಪಾಸಿನ ಉದ್ದದಲ್ಲಿ ಐದು ಜನ ಕೂರ್ಬೇಕು, ಲಗೇಜ್ ಇಡ್ಬೇಕು, ಅದ್ರ ಮೇಲೆ ಸ್ಪೋರ್ಟಿಯಾಗೂ ಕಾಣ್ಬೇಕು ಅಂದ್ರೆ ಏಟು ಬೀಳೋದು ಹಿಂದೆ ಕೂರೋರಿಗೇ.

ಹ್ಯಾಂಡಲ್ ಕಥೆನೇ ತಗೊಳ್ಳಿ. ಅದನ್ನ ಕಿಟಕಿ ಮೂಲೆಯ ಕಪ್ಪು ಪ್ಲಾಸ್ಟಿಕ್ ಒಳಗೆ ಬಚ್ಚಿಡೋ ಐಡಿಯಾನ 1997ರ ಆಲ್ಫಾ ರೋಮಿಯೋ 156 ಫೇಮಸ್ ಮಾಡ್ತು, ನಾಲ್ಕು ಡೋರ್ ಇದ್ರೂ ದೂರದಿಂದ ಎರಡೇ ಡೋರಿನ ಕೂಪೆ ಥರ ಕಾಣತ್ತೆ, ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆಮೇಲೆ ಷೆವರ್ಲೆ ಬೀಟ್, 2018ರಲ್ಲಿ ಇಂಡಿಯಾಗೆ ಬಂದ ಸ್ವಿಫ್ಟ್ ಎಲ್ಲಾ ಅದೇ ದಾರಿ ಹಿಡಿದ್ವು. ಆದ್ರೆ ಚಿಕ್ಕ ಮಕ್ಕಳಿಗೆ ಅದು ಎಟುಕಲ್ಲ, ಹೊಸಬ್ರು ಡೋರ್ ತುಂಬಾ ಕೈಯಾಡಿಸ್ತಾ ನಿಂತಿರ್ತಾರೆ. 2024ರ ಸ್ವಿಫ್ಟಲ್ಲಿ ಹ್ಯಾಂಡಲ್ ವಾಪಸ್ ಡೋರಿಗೇ ಬಂತು, ಅದ್ರಿಂದ ಲುಕ್ ಏನೂ ಕೆಟ್ಟಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಕಿಟಕಿಯ ಕೆಳಗಿನ ಗೆರೆ. ಹಿಂದೆ ಹೋಗ್ತಾ ಹೋಗ್ತಾ ಅದನ್ನ ಮೇಲಕ್ಕೆ ಎಳೆದ್ರೆ ನಿಂತ ಕಾರೂ ಮುಂದಕ್ಕೆ ನುಗ್ತಿರೋ ಹಾಗೆ ಕಾಣತ್ತೆ ನಿಜ, ಒಳಗೆ ಕೂತ ಮಗುಗೆ ಮಾತ್ರ ಬರೀ ಡೋರ್ ಪ್ಯಾಡೇ ಕಾಣೋದು, ಡ್ರೈವರ್ ತಿರುಗಿ ನೋಡಿದ್ರೆ ಅಲ್ಲೂ ದಪ್ಪ ಪಿಲ್ಲರ್ (ಕಾರಿನ ಛಾವಣಿ ಹೊರೋ ಕಂಬ) ಅಡ್ಡ. ಗ್ಲಾಸ್ ಪೂರ್ತಿ ಕೆಳಗೆ ಇಳಿಯಲ್ಲ ಅಂತ ಬಯ್ಯೋದು ಬೇರೆ ವಿಷ್ಯ, ಹಿಂದಿನ ಚಕ್ರದ ಕಮಾನು ಡೋರಿನ ಕೆಳಮೂಲೆನ ತಿಂದುಬಿಟ್ಟಿರತ್ತೆ, ಗ್ಲಾಸ್ ಇಳಿಯೋಕೆ ಜಾಗ ಎಲ್ಲಿದೆ ಪಾಪ, ಅದಕ್ಕೇ ಎಷ್ಟೋ ಕಾರಲ್ಲಿ ಪಕ್ಕದಲ್ಲೊಂದು ತ್ರಿಕೋನದ ಗ್ಲಾಸ್ ಫಿಕ್ಸ್ ಮಾಡಿರ್ತಾರೆ.

2020ರಲ್ಲಿ ಬಂದ ಟಾಟಾ ಆಲ್ಟ್ರೋಜ್ ಡೋರ್ 90 ಡಿಗ್ರಿ ತೆಗಿಯತ್ತೆ, ಮಂಡಿನೋವು ಇರೋರಿಗೆ, ಮಗುನ ಸೀಟಿಗೆ ಕಟ್ಟೋರಿಗೆ ಇದು ದೊಡ್ಡ ಉಪಕಾರ. ಆದ್ರೆ ಇಕ್ಕಟ್ಟು ಪಾರ್ಕಿಂಗಲ್ಲಿ ಅಷ್ಟು ತೆಗಿಯೋಕೆ ಎಲ್ಲಾಗತ್ತೆ, ಅಲ್ಲಿ ಬೇಕಾಗೋದು ಡೋರ್ ಅರ್ಧದಲ್ಲೇ ಗಟ್ಟಿಯಾಗಿ ನಿಲ್ಲೋದು, ಗಾಳಿಗೋ ಇಳಿಜಾರಿಗೋ ತಾನಾಗೇ ಹೋಗಿ ಪಕ್ಕದ ಕಾರಿಗೆ ಬಡಿಬಾರ್ದು.

ನನ್ನ ಕೇಳಿದ್ರೆ ಇದಕ್ಕೆಲ್ಲ ಸರಿಯಾದ ಉತ್ತರ ಸ್ಲೈಡಿಂಗ್ ಡೋರು. 2012ರ ಫೋರ್ಡ್ ಬಿ-ಮ್ಯಾಕ್ಸ್ ಹಿಂದೆ ಸ್ಲೈಡಿಂಗ್ ಡೋರ್ ಕೊಟ್ಟಿದ್ದಷ್ಟೇ ಅಲ್ಲ, ಮಧ್ಯದ ಪಿಲ್ಲರನ್ನೇ ಡೋರುಗಳ ಒಳಗೆ ಸೇರಿಸಿಬಿಟ್ಟಿತ್ತು, ಒಂದು ಪಕ್ಕದ ಮುಂದಿನ, ಹಿಂದಿನ ಎರಡೂ ಡೋರ್ ತೆಗೆದ್ರೆ ಸುಮಾರು 1.5 ಮೀಟರ್ ಖಾಲಿ ಜಾಗ! ಆದ್ರೆ ಇಂಥ ಡೋರು ತೂಕ ಜಾಸ್ತಿ, ಖರ್ಚು ಜಾಸ್ತಿ, ಬಾಡಿ ಪಕ್ಕದಲ್ಲಿ ರೈಲ್ ಗೆರೆ ಬೇರೆ ಕಾಣತ್ತೆ, ಜನ 'ಅಯ್ಯೋ ವ್ಯಾನ್ ಥರ ಇದೆ' ಅಂತಾರೆ. ವ್ಯಾನ್ ಥರ ಇದ್ರೆ ಏನೀಗ?