ಚುಕ್ಕೆ ಮೇಲೋ, ಕೆಳಗೋ?

ರಾಬಿ ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ಗೆಳೆಯರೆಲ್ಲ ಕೇಳಿದ್ದು ಒಂದೇ ಮಾತು: ‘ಕರಡಿ ನೆನಪಿದೆಯಾ?’

ಸಿಡ್ನಿಯ ಫೇರ್‌ಫೀಲ್ಡಿನಲ್ಲಿ ಶನಿವಾರದ ನಮ್ಮ ಕನ್ನಡ ತರಗತಿಯ ಪಕ್ಕದ ಕೋಣೆಯಲ್ಲೇ ಅಸಿರಿಯನ್ ಮಕ್ಕಳ ತರಗತಿ. ಅಸಿರಿಯನ್ನರೆಂದರೆ ಇರಾಕ್, ಸಿರಿಯಾ ಕಡೆಯ ಕ್ರೈಸ್ತ ಸಮುದಾಯ. ನಮ್ಮದು ಬೇಗ ಮುಗಿಯುತ್ತಿತ್ತು, ಅವರಲ್ಲಿ ತಿಂಡಿ ಇರುತ್ತಿತ್ತು. ತಿಂಡಿಗೆಂದು ಹೋದವರು ಅಕ್ಷರ ಕಲಿತು ಬಂದೆವು. ರಾಬಿ ಎಂದರೆ ಅವರಲ್ಲಿ ಮೇಷ್ಟ್ರು. ನಮ್ಮ ರಾಬಿ ಸಿರಿಯಾದ ಖಾಬೂರ್ ನದಿ ದಂಡೆಯವರು. 1933ರಲ್ಲಿ ಇರಾಕಿನ ಸಿಮೆಲೆಯಲ್ಲಿ ನಡೆದ ಅಸಿರಿಯನ್ನರ ಹತ್ಯಾಕಾಂಡದ ನಂತರ ಗಡಿ ದಾಟಿ ಬಂದವರು ಕಟ್ಟಿಕೊಂಡ ಹಳ್ಳಿಗಳವು.

ಅವರ ಸಿರಿಯಾಕ್ ಲಿಪಿಯಲ್ಲಿ ಅಕ್ಷರ 22, ಬರೆಯುವುದು ಬಲದಿಂದ ಎಡಕ್ಕೆ. ದಾಲತ್, ರೇಶ್ ಎರಡರ ಮೈಕಟ್ಟೂ ಒಂದೇ. ಚುಕ್ಕೆ ಕೆಳಗಿದ್ದರೆ ‘ದ’, ಮೇಲಿದ್ದರೆ ‘ರ’. ನಮ್ಮ ‘ರ’ದ ಹೊಟ್ಟೆಯೊಳಗೆ ಚುಕ್ಕೆಯಿಟ್ಟರೆ ‘ಠ’ ಆಗುವುದಿಲ್ಲವೇ, ಹಾಗೆ. ಏಪ್ರಿಲ್ 1ರ ಹೊಸ ವರ್ಷಕ್ಕೆ, ಅಂದರೆ ಖಾ ಬ್ ನೀಸಾನ್‌ಗೆ, ಬ್ಯಾನರ್ ಬರೆಯುವಾಗ ನಮ್ಮಲ್ಲೊಬ್ಬ ‘ರಾಬಿ’ಯ ಚುಕ್ಕೆಯನ್ನು ಬೇಕೆಂದೇ ಕೆಳಗಿಟ್ಟ. ಸ್ವರಚಿಹ್ನೆ ಹಾಕಿರಲಿಲ್ಲ. ‘ನನ್ನ ಗುರು’ ಹೋಗಿ ‘ನನ್ನ ಕರಡಿ’ ಆಯಿತು. ರಾಬಿಯ ಗಾತ್ರವೂ ಅದಕ್ಕೆ ಸಾಕ್ಷಿ ಹೇಳುವಂತಿತ್ತು.

ಅವರು ಬೈಯಲಿಲ್ಲ. ಆ ಹದಿನಾಲ್ಕರ ಹುಡುಗನನ್ನೇ ಕರೆದು, ಇನ್ನು ಮೇಲೆ ಅಚ್ಚಿಗೆ ಹೋಗುವ ಪ್ರತಿಯೊಂದು ಹಾಳೆಗೂ ನೀನೇ ಜವಾಬ್ದಾರ ಎಂದರು. ಕ್ರಮವನ್ನೂ ಹೇಳಿಕೊಟ್ಟರು. ಮೊದಲು ಬರೀ ದಾಲತ್-ರೇಶ್‌ಗಳ ಮೇಲೆ ಬೆರಳಿಟ್ಟು ಹೋಗಬೇಕು. ಆಮೇಲೆ ಬಹುವಚನದ ಜೋಡಿಚುಕ್ಕೆ, ಸ್ಯಾಮೇ. ಅದು ರೇಶ್ ಮೇಲೆ ಬಂದಾಗ ಒಟ್ಟು ಎರಡೇ ಚುಕ್ಕೆ, ರೇಶ್‌ನ ಸ್ವಂತದ್ದು ಅದರಲ್ಲೇ ಸೇರಿಹೋಗುತ್ತದೆ. ಹೊಸಬರು ಮೂರು ಹಾಕುವುದು ಇಲ್ಲಿಯೇ. ಕೊನೆಗೆ ಅಸಿರಿಯನ್ ವರ್ಷ: ಇಸವಿಗೆ 4750 ಕೂಡಿಸಿದರೆ 2025ಕ್ಕೆ 6775. ಆಹ್ವಾನಪತ್ರಿಕೆ ಅಚ್ಚಾಗುವುದು ಮಾರ್ಚಿನಲ್ಲಿ, ಆಗಿನ್ನೂ ಹಳೆಯ ವರ್ಷ ನಡೆಯುತ್ತಿರುತ್ತದೆ. ಹುಡುಗರು ಅದನ್ನೇ ಹಾಕಿ ಕೆಡಿಸುತ್ತಿದ್ದರು.

ಖಿಗ್ಗಾ ಕುಣಿತದಲ್ಲೂ ಇದೇ ಪಾಠ. ಝುರ್ನಾ ಊದುತ್ತದೆ, ದವುಲಾ ಬಡಿಯುತ್ತದೆ, ಎಲ್ಲರೂ ಕೈಕೈ ಹಿಡಿದ ಸಾಲು. ಮುಂದಾಳು ದವುಲಾದ ಪೆಟ್ಟಿಗಿಂತ ಮೊದಲೇ ಹೆಜ್ಜೆ ಬದಲಿಸಿದರೆ ಬಾಲದವರು ಎಳೆದಾಡಿ, ನಡುವೆ ಎಲ್ಲೋ ಕೈ ಕಳಚುತ್ತದೆ. ಕಳಚಿದರೆ ಬೈಗುಳ ಮುಂದಾಳಿಗೆ, ಕೈ ಬಿಟ್ಟವನಿಗಲ್ಲ. ನಮ್ಮಲ್ಲಿ ಎರಡು ಸುತ್ತಾದ ಮೇಲೆ ಮುಂದಾಳಿನ ಕರವಸ್ತ್ರ ಕಿರಿಯರ ಕೈಗೆ ಹೋಗಲೇಬೇಕು, ಕೊಟ್ಟವರು ಹೋಗಿ ಬಾಲದಲ್ಲಿ ನಿಲ್ಲಬೇಕು. ಸಿಮೆಲೆಯ ನೆನಪಿನ ಆಗಸ್ಟ್ 7ರ ಹುತಾತ್ಮರ ದಿನಕ್ಕೆ ಕುರ್ಚಿ ಎಣಿಸುವುದೂ ಸಭಾಂಗಣದ ಬೀಗದ ಕೈ ಇಟ್ಟುಕೊಳ್ಳುವುದೂ ಮಕ್ಕಳ ಕೆಲಸವೇ. ದೊಡ್ಡವರು ಬಾಗಿಲ ಹೊರಗೆ ಕಾಯುತ್ತಿದ್ದರು.

ಈಗ ಯುವ ನಾಯಕತ್ವ ಶಿಬಿರಗಳಿವೆ. ಟೀ ಶರ್ಟು, ಪ್ರಮಾಣಪತ್ರ, ಗುಂಪು ಫೋಟೋ, ಎಲ್ಲವೂ ಉಂಟು. ಬೀಗದ ಕೈ ಮಾತ್ರ ಹಿರಿಯರ ಜೇಬಿನಲ್ಲೇ. ಫೋನಿನಲ್ಲಿ ದಾಲತ್‌ಗೊಂದು, ರೇಶ್‌ಗೊಂದು ಕೀಲಿ ಇರುವುದರಿಂದ ಚುಕ್ಕೆಯನ್ನು ಬೆರಳಿಟ್ಟು ನೋಡುವವರೂ ಕಡಿಮೆ.

ಕರಡಿ ಬರೆದವನೇ ಇಂದು ಆ ಶನಿವಾರದ ಅಸಿರಿಯನ್ ತರಗತಿ ನಡೆಸುತ್ತಿದ್ದಾನೆ. ರಾಬಿಯ ಶ್ರದ್ಧಾಂಜಲಿ ಪತ್ರವನ್ನು ಅಚ್ಚಿಗೆ ಕೊಡುವ ಮುಂಚೆ ನನಗೂ ಕಳಿಸಿದ್ದ. ಒಂದು ಸ್ಯಾಮೇ ಬಿಟ್ಟುಹೋಗಿತ್ತು. ಅದನ್ನು ಕಂಡುಹಿಡಿದದ್ದು ಪಕ್ಕದ ಕೋಣೆಯ ಕನ್ನಡದವನು ಎಂಬುದು ಈ ಸಂಚಿಕೆಯಲ್ಲಾದರೂ ದಾಖಲಾಗಲಿ.